ನಡಾವಳಿ ಪುಸ್ತಕದಲ್ಲಿ ಉಳಿದ ನೀರು

ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳಲ್ಲಿ ಜನರೇ ಮುಂದೆ ನಿಂತು ನೆಲ-ನೀರು ಕಾಯ್ದ ಸಂಸ್ಥೆಗಳ ಇತಿಹಾಸ ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ಒಪ್ಪಿಕೊಂಡ ಮೇಲೆ ತೊಡಕು ಗೊತ್ತಾಯಿತು. ನಮ್ಮಲ್ಲಿ ಕಟ್ಟಡ ಇರುವ ಸಂಸ್ಥೆಗಳಿಗೆ ಇತಿಹಾಸ ಇದೆ. ಅಡಿಗಲ್ಲು ಹಾಕಿದವರು ಯಾರು, ಉದ್ಘಾಟಿಸಿದವರು ಯಾರು, ಅಂದಾಜು ಮೊತ್ತ ಎಷ್ಟು ಎಂದು ಕಲ್ಲಿನಲ್ಲೇ ಕೆತ್ತಿಸಿಟ್ಟಿದ್ದಾರೆ. ಊರ ಸಂಘಕ್ಕೆ ಇರುವುದು ಒಂದು ನಡಾವಳಿ ಪುಸ್ತಕ, ಒಂದು ಪಾಸ್‌ಬುಕ್ಕು, ಒಂದು ರಬ್ಬರ್ ಸ್ಟಾಂಪು. ಆ ಮೂರೂ ಕಾರ್ಯದರ್ಶಿಯ ಮನೆಯ ಟ್ರಂಕಿನಲ್ಲಿರುತ್ತವೆ. ಕಾರ್ಯದರ್ಶಿ ಮನೆಮಂದಿಯ ಸಮೇತ ಬೆಂಗಳೂರಿಗೆ ದುಡಿಯಲು ಹೋದರೆ ಸಂಸ್ಥೆಯ ಇತಿಹಾಸವೂ ಬೀಗ ಹಾಕಿದ ಮನೆಯೊಳಗೆ ಉಳಿದುಬಿಡುತ್ತದೆ.

ಯಾದಗಿರಿ ರಾಜ್ಯದ 30ನೇ ಜಿಲ್ಲೆ. ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆ ಎನಿಸಿಕೊಂಡದ್ದು 2009ರ ಡಿಸೆಂಬರ್ 30ರಂದು. ಆಗ ಇದ್ದವು ಈ ಮೂರೇ ತಾಲೂಕು. ಗುರುಮಠಕಲ್, ವಡಗೇರಾ, ಹುಣಸಗಿ ಆಮೇಲೆ ಇವುಗಳಿಂದಲೇ ಒಡೆದು ಬಂದವು. ನಾನು ಹೇಳುತ್ತಿರುವ ಕಥೆ ಜಿಲ್ಲೆಗಿಂತ ಹಳೆಯದು. ಹಾಗಾಗಿ ಹಳೆಯ ಕಾಗದಗಳಲ್ಲಿ ‘ಗುಲಬರ್ಗಾ ಜಿಲ್ಲೆ’ ಎಂದು ಇರುವಲ್ಲೆಲ್ಲ ನಮ್ಮ ಊರುಗಳೂ ಸೇರಿವೆ ಎಂದು ಓದಿಕೊಳ್ಳಬೇಕು.

ಮೊದಲು ನೆಲದ ಮಾತು. ನಾರಾಯಣಪುರದ ಎಡದಂಡೆ ಕಾಲುವೆ ಹುಣಸಗಿ, ಸುರಪುರ, ಶಹಾಪುರದ ಕಡೆಗೆ ಹರಿದು ಬರುತ್ತದೆ. ಜನ ಅದಕ್ಕೆ ಕಾಲುವೆ ಎನ್ನುವುದಕ್ಕಿಂತ ಕೆನಾಲ್ ಎನ್ನುವುದೇ ಹೆಚ್ಚು. ಕೆನಾಲಿನ ಕೆಳಗೆ ಭತ್ತದ ಗದ್ದೆ, ಮೇಲೆ ತೊಗರಿ, ಸಜ್ಜೆ, ಮಳೆಗೆ ಕಾದ ಎರಿ ಭೂಮಿ. ಏರಿಯ ಮೇಲೆ ನಿಂತು ಎರಡೂ ಕಡೆ ತಿರುಗಿ ನೋಡಿದರೆ ಒಂದೇ ಊರಿನ ಎರಡು ಹೊಲ ಎರಡು ಬೇರೆ ಜಿಲ್ಲೆಗೆ ಸೇರಿದಂತೆ ಕಾಣುತ್ತವೆ. ಇನ್ನು ಯಾದಗಿರಿ ಪಟ್ಟಣ ಭೀಮೆಯ ಆಚೆ ದಂಡೆಯ ಮೇಲಿದೆ. ಆ ಕಡೆ ಕೃಷ್ಣೆಯ ಕೆನಾಲ್ ಇಲ್ಲ. ಹತ್ತಿಕುಣಿ, ಸೌದಾಗರದಂಥ ಸಣ್ಣ ಜಲಾಶಯಗಳು, ಊರ ಕೆರೆಗಳು, ಮಸಾರಿ ಹೊಲಗಳು, ಕೊಳವೆಬಾವಿ ಅಷ್ಟೇ. ಆದ್ದರಿಂದ ನೀರಿನ ಸಂಘ ಎಂದರೆ ಮೂರು ತಾಲೂಕಿನಲ್ಲಿ ಒಂದೇ ಅರ್ಥ ಇಲ್ಲ. ಕೆನಾಲಿನ ಕೆಳಗೆ ಅದು ಬಂದ ನೀರನ್ನು ಹಂಚಿಕೊಳ್ಳುವ ಸಂಘ, ಮೇಲೆ ಬಿದ್ದ ಮಳೆಯನ್ನು ಹಿಡಿದುಕೊಳ್ಳುವ ಸಂಘ.

ಸುರಪುರ, ಶಹಾಪುರದ ಈ ಸಗರನಾಡಿಗೆ ಕೆರೆ ಹೊಸದಲ್ಲ. ಸುರಪುರದ ನಾಯಕ ಅರಸರ ಕಾಲದ ಬೋನಾಳ ಕೆರೆ ಈಗಲೂ ನಮ್ಮೆದುರಿಗಿದೆ. 1841ರಿಂದ 1853ರವರೆಗೆ ಸುರಪುರದಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರನ ಆತ್ಮಕಥೆಯಲ್ಲೂ ಬೋನಾಳ ಬರುತ್ತದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಮುಗಿದು, 1860ರಲ್ಲಿ ಸಂಸ್ಥಾನವೇ ನಿಜಾಮನ ಕೈಗೆ ಹೋಯಿತು. ಅರಸು ಹೋದರೂ ಕೆರೆ ಉಳಿಯಿತು. ಇಂದು ಬೋನಾಳ ಪಕ್ಷಿಧಾಮವೆಂದು ಹೆಸರಾಗಿದೆ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಲ್ಲಿ ಇಳಿಯುತ್ತವೆ. ಹಕ್ಕಿ ನೋಡಲು ಬಂದವರಿಗೆ ಕಾಣುವುದು ಹಕ್ಕಿ. ಆದರೆ ಅದೇ ನೀರಿನಲ್ಲಿ ಮೀನು ಹಿಡಿಯುವವರಿದ್ದಾರೆ, ಅದೇ ದಂಡೆಗೆ ದನ-ಕುರಿ ಇಳಿಯುತ್ತವೆ, ಅದರ ಕೆಳಗೆ ಹೊಲಗಳಿವೆ. ಇವರೆಲ್ಲರ ಲೆಕ್ಕ ಸೇರಿಸದೆ ‘ಸಂರಕ್ಷಣೆ’ ಎಂದರೆ ಅದು ಬೇಲಿ ಹಾಕುವ ಕೆಲಸವಾಗುತ್ತದೆ, ಕೆರೆ ಕಾಯುವ ಕೆಲಸವಾಗುವುದಿಲ್ಲ.

ದೊಡ್ಡ ನೀರು ಬಂದದ್ದು ಸ್ವಾತಂತ್ರ್ಯದ ನಂತರ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ನಾರಾಯಣಪುರದ ಬಸವಸಾಗರ 1982ರಲ್ಲಿ ಮುಗಿಯಿತು. ನಡುವೆ 1978ರಲ್ಲಿ ವಿಶ್ವಬ್ಯಾಂಕ್ ಸಾಲ ಬಂತು, 1989ರಲ್ಲಿ ಎರಡನೇ ಹಂತಕ್ಕೆ ಮತ್ತೊಂದು. ‘ಅಂತಾರಾಷ್ಟ್ರೀಯ ಅಭಿವೃದ್ಧಿ’ ಎಂಬ ದೊಡ್ಡ ಮಾತು ನಮ್ಮ ಹೊಲಕ್ಕೆ ಮೊದಲು ಬಂದದ್ದು ಹೀಗೆ, ಕೆನಾಲ್ ತೋಡುವ ಕೆಲಸದ ಜೊತೆ. ಮುಳುಗಡೆಯ ಜನರ ಪುನರ್ವಸತಿ ಸರಿಯಾಗಿ ನಡೆದಿಲ್ಲವೆಂದು 1990ರ ದಶಕದಲ್ಲಿ ಬ್ಯಾಂಕು ಎರಡು ಸಲ ಹಣ ತಡೆಹಿಡಿದದ್ದನ್ನು ಇಲ್ಲಿ ನೆನೆಯಬೇಕು. ಸಾಲ ಕೊಡುವವರಿಗೆ ಊರಿನ ಮಾತು ಕೇಳಿಸುವುದಕ್ಕೆ ಊರೇ ಮುಳುಗಬೇಕಾಯಿತು. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಸ್ಥಾಪನೆಯಾಯಿತು. ಶಹಾಪುರ ತಾಲೂಕಿನ ಭೀಮರಾಯನಗುಡಿ ನೀರಾವರಿ ಕಚೇರಿಗಳ ಊರಾಗಿ ಬೆಳೆಯಿತು. ಇಂದಿಗೂ ರೈತನೊಬ್ಬ ‘ಗುಡಿಗೆ ಹೋಗಿದ್ದೆ’ ಎಂದರೆ ದೇವರ ದರ್ಶನಕ್ಕೋ ಅರ್ಜಿ ಕೊಡಲಿಕ್ಕೋ ಎಂದು ಕೇಳಿ ತಿಳಿದುಕೊಳ್ಳಬೇಕು.

ಕೆನಾಲ್ ಬಂದು ಏನಾಯಿತು ಎಂಬುದನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಅನ್ನ ಕಂಡಿತು, ಮನೆ ಕಂಡಿತು, ಮಕ್ಕಳು ಶಾಲೆ ಕಂಡವು. ಯೋಜನೆಯ ಲೆಕ್ಕ ಇದ್ದದ್ದು ಹೆಚ್ಚು ಜಮೀನಿಗೆ ಸ್ವಲ್ಪ ಸ್ವಲ್ಪ ನೀರು, ಲಘು ಬೆಳೆ ಎಂದು. ಆದರೆ ಕೆನಾಲಿನ ತಲೆಭಾಗದ ರೈತರು ಭತ್ತ ಹಾಕಿದರು. ಭತ್ತಕ್ಕೆ ನೀರು ನಿಂತಿರಬೇಕು. ಎರಿ ಭೂಮಿಯಲ್ಲಿ ನಿಂತ ನೀರು ಕೆಳಗಿಳಿಯಲು ದಾರಿ ಕಾಣದೆ, ಒಳಗಿನ ಉಪ್ಪನ್ನು ಮೇಲೆತ್ತಿಕೊಂಡು ಬರುತ್ತದೆ. ಬೇಸಿಗೆಯಲ್ಲಿ ಹೊಲದ ಮೈಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಕಾಣುವ ಸವಳು ಅದೇ. ತಲೆಭಾಗದವನ ಹೊಲ ನೀರು ಹೆಚ್ಚಾಗಿ ಕೆಟ್ಟರೆ, ಟೇಲ್‌ಎಂಡಿನವನ ಹೊಲ ನೀರು ಮುಟ್ಟದೆ ಕೆಟ್ಟಿತು. ಒಂದೇ ಕೆನಾಲು, ಎರಡು ಬಗೆಯ ಹಾಳು.

ಇದಕ್ಕೆ ಮದ್ದಾಗಿ ಬಂದದ್ದು ನೀರು ಬಳಕೆದಾರರ ಸಹಕಾರ ಸಂಘ. ರಾಜ್ಯದ ನೀರಾವರಿ ಕಾಯ್ದೆಗೆ 2000ದಲ್ಲಿ ತಿದ್ದುಪಡಿಯಾಗಿ ಈ ಸಂಘಗಳಿಗೆ ಕಾನೂನಿನ ಬಲ ಬಂತು. ಹಂಚಿಕೆ ಕಾಲುವೆಯ ಮಟ್ಟದಲ್ಲಿ ರೈತರೇ ಸಂಘ ಕಟ್ಟಿಕೊಳ್ಳುವುದು, ನಿಗಮದಿಂದ ನೀರನ್ನು ಅಳೆದು ಪಡೆಯುವುದು, ಸರದಿಯಂತೆ ಹಂಚುವುದು, ಕರ ವಸೂಲಿ ಮಾಡಿ ಅದರ ಒಂದು ಪಾಲನ್ನು ದುರಸ್ತಿಗೆ ಇಟ್ಟುಕೊಳ್ಳುವುದು. ಕಾಗದದ ಮೇಲೆ ಬರೋಬ್ಬರಿ ಇತ್ತು. ಆದರೆ ಅಳೆಯುವ ಸಾಧನವಿಲ್ಲದ ಕಡೆ ‘ಅಳೆದು ಕೊಡುವುದು’ ಎಂಬ ಮಾತಿಗೆ ಅರ್ಥವೇ ಇಲ್ಲ. ಗೇಟಿನ ಕೀಲಿ ಸಂಘದ ಕೈಗೆ ಬಾರದೆ ನಡಾವಳಿಯಲ್ಲಿ ಎಷ್ಟು ಠರಾವು ಬರೆದರೂ ನೀರು ಕದಲುವುದಿಲ್ಲ. ಕೆನಾಲಿಗೆ ರಾತ್ರಿ ಪೈಪು ಇಳಿಬಿಟ್ಟು ನೀರೆಳೆಯುವವನಿಗೆ ಸಂಘದ ಅಧ್ಯಕ್ಷ ಏನು ಹೇಳಬೇಕು? ಅವನು ಅಧ್ಯಕ್ಷನ ಬೀಗನಾಗಿದ್ದರೆ? ಸಂಘಗಳು ಸೋತವು ಎಂದು ಒಂದೇ ಮಾತಿನಲ್ಲಿ ಹೇಳುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಅಧಿಕಾರ ಕೊಡದೆ ಜವಾಬ್ದಾರಿ ಕೊಟ್ಟರೆ ಯಾವ ಸಂಸ್ಥೆಯಾದರೂ ಹೆಸರಿಗಷ್ಟೇ ಉಳಿಯುತ್ತದೆ.

ಕೆನಾಲಿನ ಮೇಲಿನ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಅದಕ್ಕೆ ಸ್ವಲ್ಪ ಹೊತ್ತು ಕಲಬುರಗಿಯ ಕಮಲಾಪುರಕ್ಕೆ ಹೋಗಿಬರಬೇಕು.

ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ, ಅಂದರೆ ಮೈರಾಡ, ಹುಟ್ಟಿದ್ದು 1968ರಲ್ಲಿ, ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲು. 1980ರ ದಶಕದ ಮಧ್ಯದಲ್ಲಿ ಅದು ರಾಜ್ಯ ಸರ್ಕಾರ ಮತ್ತು ಸ್ವಿಸ್ ಅಭಿವೃದ್ಧಿ ನೆರವಿನೊಂದಿಗೆ ಸೇರಿ ಆಗಿನ ಗುಲಬರ್ಗಾ ಜಿಲ್ಲೆಯ ಕಮಲಾಪುರ ಸೀಮೆಯಲ್ಲಿ ಜನರ ಸಹಭಾಗಿತ್ವದ ಜಲಾನಯನ ಯೋಜನೆ ಶುರುಮಾಡಿತು. ಪಿಡೋ ಎಂದು ಅದರ ಚಿಕ್ಕ ಹೆಸರು. ಆಗ ಮಣ್ಣು-ನೀರು ಸಂರಕ್ಷಣೆ ಎಂದರೆ ಎಂಜಿನಿಯರರು ನಕ್ಷೆ ತಂದು, ಸಮಪಾತಳಿಯ ಗೆರೆ ಎಳೆದು, ಗೆರೆಯಗುಂಟ ಒಡ್ಡು ಹಾಕಿಸಿ ಹೋಗುವುದು. ಆ ಗೆರೆಗೆ ಹೊಲದ ಗಡಿ ಗೊತ್ತಿಲ್ಲ. ಒಬ್ಬನ ಹೊಲ ಸೀಳಿಕೊಂಡು ಮತ್ತೊಬ್ಬನ ಹೊಲದಲ್ಲಿ ಮುಗಿಯುತ್ತಿತ್ತು. ಬೇಸಿಗೆಯಲ್ಲಿ ಎರಿ ಭೂಮಿ ಕೈ ಹೋಗುವಷ್ಟು ಬಿರಿಯುತ್ತದೆ, ಒಡ್ಡೂ ಬಿರಿಯುತ್ತದೆ. ಮೊದಲ ಜೋರು ಮಳೆಗೆ ನೀರು ಆ ಬಿರುಕಿನಲ್ಲಿ ನುಗ್ಗಿ ಒಡ್ಡು ಕಿತ್ತುಹೋಗುತ್ತದೆ. ಎರಡು ಹಂಗಾಮು ನೋಡಿ ರೈತನೇ ನೇಗಿಲು ಹೊಡೆದು ಅದನ್ನು ನೆಲಸಮ ಮಾಡುತ್ತಿದ್ದ. ಇಲಾಖೆಯ ವರದಿಯಲ್ಲಿ ಒಡ್ಡು ಇರುತ್ತಿತ್ತು, ಹೊಲದಲ್ಲಿ ಇರುತ್ತಿರಲಿಲ್ಲ.

ಪಿಡೋದವರು ಮಾಡಿದ ದೊಡ್ಡ ಕೆಲಸ ಹೊಸ ಒಡ್ಡು ಕಟ್ಟಿದ್ದಲ್ಲ. ರೈತರು ತಾವಾಗಿಯೇ ಏನು ಕಟ್ಟಿಕೊಂಡಿದ್ದಾರೆ ಎಂದು ನೋಡಿದ್ದು. ಹಳ್ಳದ ಸಣ್ಣ ಕವಲುಗಳಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಹಾಕಿ, ಮೇಲಿಂದ ಕೊಚ್ಚಿ ಬರುವ ಮಣ್ಣನ್ನು ಅಲ್ಲೇ ಹಿಡಿದು, ವರ್ಷ ವರ್ಷ ಕಟ್ಟೆಯನ್ನು ಒಂದೊಂದು ಸಾಲು ಎತ್ತರಿಸುತ್ತಾ ಹೋಗುವುದು. ಕೆಲವು ವರ್ಷಗಳಲ್ಲಿ ಕೊರಕಲು ಇದ್ದಲ್ಲಿ ತೇವ ಹಿಡಿಯುವ ಹೊಸ ಹೊಲ. ಎಂಜಿನಿಯರ್ ನೀರು ಹಿಡಿಯಲು ಹೊರಟಿದ್ದ, ರೈತ ಮಣ್ಣು ಹಿಡಿಯುತ್ತಿದ್ದ. ಮಣ್ಣು ನಿಂತರೆ ನೀರು ತಾನೇ ನಿಲ್ಲುತ್ತದೆ ಎಂಬುದು ಅವನ ಲೆಕ್ಕ. ರೈತರೇ ಎಂಜಿನಿಯರರು ಎಂಬರ್ಥದ ಹೆಸರಿಟ್ಟು ಪಿಡೋದಿಂದ 1994ರಲ್ಲಿ ಪುಸ್ತಕವೇ ಬಂತು. ನಮ್ಮ ಸೀಮೆಯ ಅನಾಮಿಕ ಕಲ್ಲುಕಟ್ಟೆಗಳು ಹೀಗೆ ಹೊರದೇಶದ ಅಭಿವೃದ್ಧಿ ಪಂಡಿತರ ಚರ್ಚೆಗೆ ಹೋದವು.

ಇದೇ ಕಾಲದಲ್ಲಿ ಊರ ನಕ್ಷೆಯೂ ನೆಲಕ್ಕಿಳಿಯಿತು. 1990ರ ಆಸುಪಾಸಿನಲ್ಲಿ ಮೈರಾಡ ರೂಢಿಗೆ ತಂದ ಸಹಭಾಗಿತ್ವದ ಗ್ರಾಮ ಸಮೀಕ್ಷೆ, ರಾಬರ್ಟ್ ಚೇಂಬರ್ಸ್‌ರಂಥ ವಿದ್ವಾಂಸರ ಬರಹಗಳ ಮೂಲಕ ಆಫ್ರಿಕಾ ಏಷ್ಯಾಗಳ ತುಂಬ ಹರಡಿತು. ಅದನ್ನು ನೋಡದವರಿಗೆ ಒಂದು ಚಿತ್ರ ಕೊಡುತ್ತೇನೆ. ಹನುಮಪ್ಪನ ಗುಡಿಯ ಮುಂದಿನ ಬಯಲು ಗುಡಿಸಿ ನೀರು ಚಿಮುಕಿಸಿರುತ್ತಾರೆ. ಹೆಂಗಸೊಬ್ಬಳು ರಂಗೋಲಿಯಲ್ಲಿ ಮೊದಲು ಹಳ್ಳ ಎಳೆಯುತ್ತಾಳೆ, ಆಮೇಲೆ ದಾರಿ, ಆಮೇಲೆ ಗುಡಿ. ಇಟ್ಟಿಗೆಯ ಪುಡಿಯಿಂದ ಮಸಾರಿ ಹೊಲ, ಬೂದಿಯಿಂದ ಎರಿ ಹೊಲ. ಮನೆಗೊಂದು ಹುಣಸೆ ಬೀಜ, ಬತ್ತಿದ ಬಾವಿಗೆ ಒಂದು ಬೆಣಚುಕಲ್ಲು. ಸುತ್ತ ನಿಂತ ಗಂಡಸರು ‘ಹಳ್ಳ ಅಲ್ಲಿಲ್ಲವ್ವಾ, ಇತ್ತಾಗ ಅದ’ ಎಂದು ತಿದ್ದಲು ಬರುತ್ತಾರೆ. ದಿನಾ ಕೊಡ ಹೊತ್ತು ಆ ಹಳ್ಳಕ್ಕೆ ಹೋಗುವವಳು ಆಕೆ. ತಿದ್ದಲು ಬಂದವರು ಸ್ವಲ್ಪ ಹೊತ್ತಿಗೆ ಕೈಕಟ್ಟಿ ಕೂರುತ್ತಾರೆ. ಸಂಜೆ ಕುರಿ ಹಿಂಡು ಬಂದು ನಕ್ಷೆಯನ್ನು ತುಳಿದು ಹೋಗುತ್ತದೆ. ಅಷ್ಟರಲ್ಲಿ ಯಾರೋ ಅದನ್ನು ಹಾಳೆಗೆ ಇಳಿಸಿಕೊಂಡಿರುತ್ತಾರೆ.

ಉಳಿತಾಯದ ಸಂಘಗಳೂ ಇದೇ ಬೇರಿನವು. ದೊಡ್ಡ ಸಹಕಾರ ಸಂಘದ ಹಂಗು ಬಿಟ್ಟು ಹತ್ತಿಪ್ಪತ್ತು ಮಂದಿ ಒಬ್ಬರನ್ನೊಬ್ಬರು ನಂಬಿ ವಾರಕ್ಕಿಷ್ಟು ಕೂಡಿಡುವ ಪದ್ಧತಿಯನ್ನು ಮೈರಾಡ 1980ರ ದಶಕದಲ್ಲೇ ಬೆಳೆಸಿತು. 1992ರಲ್ಲಿ ನಬಾರ್ಡ್ ಅಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಮುಂದಾಯಿತು. 2000ದ ಆಚೀಚೆ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಸಂಘಗಳು ಮೂರೂ ತಾಲೂಕಿನ ಊರೂರಿಗೆ ಬಂದವು. ಜಲಾನಯನದ ಜೀಪು ಬಂದು ಹೋದ ಊರುಗಳಲ್ಲಿ ಇಂದಿಗೂ ಜೀವ ಹಿಡಿದಿರುವುದು ಹೆಚ್ಚಾಗಿ ಈ ಹೆಂಗಸರ ಸಂಘಗಳೇ. ಕಾರಣ ಸರಳ. ಜಲಾನಯನ ಸಮಿತಿಯ ಹಣ ಮೇಲಿಂದ ಬರುತ್ತಿತ್ತು, ಖರ್ಚಾದ ಮೇಲೆ ಸಭೆ ಸೇರಲು ಕೆಲಸವಿರಲಿಲ್ಲ. ಸಂಘದ ಹಣ ಅವರದೇ. ವಾರ ತಪ್ಪಿದರೆ ಮನೆಬಾಗಿಲಿಗೆ ಬಂದು ಕೇಳುವವರಿದ್ದಾರೆ.

ರಾಜ್ಯದ ಸುಜಲ ಜಲಾನಯನ ಯೋಜನೆಯ ಮೂರನೇ ಹಂತ ನಮ್ಮ ಜಿಲ್ಲೆಗೆ ಬಂದದ್ದು 2012ರಲ್ಲಿ ವಿಶ್ವಬ್ಯಾಂಕ್ ಮಂಜೂರು ಮಾಡಿದ ನಂತರ. ಮೊದಲ ಸುಜಲ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡಗಳದ್ದಾಗಿತ್ತು. ನಮಗೆ ಬಂದ ಸುಜಲದ ವಿಶೇಷ ಭೂಸಂಪನ್ಮೂಲ ಸಮೀಕ್ಷೆ. ರಾಷ್ಟ್ರೀಯ ಮಣ್ಣು ಸಮೀಕ್ಷೆ ಸಂಸ್ಥೆಯ ಬೆಂಗಳೂರು ಕೇಂದ್ರದ ತಂಡಗಳು ಯಾದಗಿರಿ ತಾಲೂಕಿನ ಕಿರು ಜಲಾನಯನಗಳಲ್ಲಿ ಸರ್ವೆ ನಂಬರಿನ ಮಟ್ಟಕ್ಕಿಳಿದು 1:7920 ಅಳತೆಯ ನಕ್ಷೆ ಮಾಡಿದವು. ಹೊಲದಲ್ಲಿ ಆಳುದ್ದದ ಗುಂಡಿ ತೋಡಿ, ಪಾತಳಿ ಪಾತಳಿಯಾಗಿ ಮಣ್ಣು ಕೆರೆದು, ಬಣ್ಣದ ಚೀಟಿಗೆ ಹೋಲಿಸಿ, ನೀರು ಹಾಕಿ ಉಂಡೆ ಕಟ್ಟಿ, ಹಿಸುಕಿ ನೋಡುತ್ತಿದ್ದರು. ಕೆಳಗೆ ಹೋದಂತೆ ಸುಣ್ಣದ ಹರಳು ಸಿಗುತ್ತಿದ್ದವು. ಗುಂಡಿಯ ಸುತ್ತ ಕುಕ್ಕರಗಾಲಲ್ಲಿ ಕೂತ ರೈತರಿಗೆ, ತಾವು ಇಷ್ಟು ವರ್ಷ ಉತ್ತದ್ದು ಒಂದು ಗೇಣು ಮೇಲ್ಮಣ್ಣು ಮಾತ್ರ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಯಾವ ಹೊಲಕ್ಕೆ ಕೃಷಿಹೊಂಡ, ಯಾವ ಹೊಲಕ್ಕೆ ಬದು, ಯಾವುದಕ್ಕೆ ತೊಗರಿ, ಯಾವುದನ್ನು ಹುಲ್ಲಿಗೇ ಬಿಡಬೇಕು ಎಂದು ಪ್ರತಿ ರೈತನಿಗೆ ಕಾರ್ಡು ಮಾಡಿಕೊಟ್ಟರು. ರಂಗೋಲಿಯ ನಕ್ಷೆಯೂ ಉಪಗ್ರಹದ ನಕ್ಷೆಯೂ ಒಂದೇ ಊರಿನಲ್ಲಿ ಎದುರಾದ ಗಳಿಗೆ ಅದು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ್ದರೆ ದೊಡ್ಡ ಲಾಭವಿತ್ತು. ಸುಜಲದ ಪಾಠಗಳ ಮೇಲೆ ರಿವಾರ್ಡ್ ಎಂಬ ಜಲಾನಯನ ಯೋಜನೆ ಬಂದಿದೆ. ವಿಶ್ವಬ್ಯಾಂಕಿನೊಂದಿಗೆ 2022ರಲ್ಲಿ ಒಪ್ಪಂದವಾದ ಈ ಯೋಜನೆಯಲ್ಲಿ ಕರ್ನಾಟಕದ ಜೊತೆ ಒಡಿಶಾವೂ ಇದೆ.

ನಡುವೆ ಒಂದು ಕಹಿ ಸಂಗತಿ ಹೇಳದೆ ಹೋದರೆ ಈ ಇತಿಹಾಸ ಮೆರವಣಿಗೆಯಾಗುತ್ತದೆ. ಸುರಪುರ ತಾಲೂಕಿನ ಮಂಗಳೂರಿನ ಹಳೆಯ ಚಿನ್ನದ ಗಣಿಯ ಸೀಮೆಯಲ್ಲಿ ಕಿರದಳ್ಳಿ ತಾಂಡಾ ಇದೆ. ಕೆರೆ-ಬಾವಿಯ ನೀರು ಕೊಳಕು, ಕೊಳವೆಬಾವಿಯ ನೀರು ಶುದ್ಧ ಎಂದು ದೇಶವೇ ನಂಬಿದ್ದ ಕಾಲದಲ್ಲಿ ಅಲ್ಲಿಯೂ ಕೊಳವೆಬಾವಿ ಕೊರೆದರು. ಜನರ ಅಂಗೈ ಅಂಗಾಲು ಗಡುಸಾಗಿ, ಚರ್ಮದ ಮೇಲೆ ಕಲೆ ಏಳತೊಡಗಿದವು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರೀಕ್ಷಿಸಿದ ಹೆಚ್ಚಿನ ಮಾದರಿಗಳಲ್ಲಿ ಆರ್ಸೆನಿಕ್ ಪ್ರಮಾಣ ಲೀಟರಿಗೆ 10 ಮೈಕ್ರೋಗ್ರಾಮಿನ ಮಿತಿಯನ್ನು ದಾಟಿತ್ತು. ಇಂಥ ವಿಷ ನಾಲಿಗೆಗೂ ಗೊತ್ತಾಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಇಲ್ಲಿ ಊರಿನ ಅನುಭವ ಒಂದೇ ಸಾಲದು, ಪ್ರಯೋಗಾಲಯವೂ ಬೇಕು. ಜನರಿಗೆ ಎಲ್ಲವೂ ಗೊತ್ತು ಎಂದು ಹಾಡುವವರು ಒಮ್ಮೆ ಈ ತಾಂಡಾವನ್ನು ನೆನೆದುಕೊಳ್ಳಲಿ. ಹಾಗೆಯೇ, ಮೈಮೇಲಿನ ಕಲೆಯನ್ನು ಮೊದಲು ಕಂಡವರು ತಾಂಡಾದವರೇ ಎಂಬುದನ್ನೂ ಮರೆಯಬಾರದು.

ಹವಾಮಾನ ವೈಪರೀತ್ಯ ಎಂಬ ಪದ ನಮ್ಮ ಸಭೆಗಳಿಗೆ ಬಂದು ಹೆಚ್ಚು ದಿನವಾಗಿಲ್ಲ. ಅದು ಹೇಳುವ ಸಂಗತಿ ಮಾತ್ರ ಪರಿಚಿತ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕವೇ ತೊಯ್ದು ಮುದ್ದೆಯಾಯಿತು. 2018ರಲ್ಲಿ ಬರ, 2019ರ ಆಗಸ್ಟಿನಲ್ಲಿ ಕೃಷ್ಣೆಯ ಹೊಳೆ, 2020ರ ಅಕ್ಟೋಬರಿನಲ್ಲಿ ಭೀಮೆಯದು. ಆ ಹೊಳೆಗಳ ನೀರು ಬರೀ ನಮ್ಮ ಮೇಲೆ ಸುರಿದ ಮಳೆಯದ್ದಲ್ಲ. ಮಹಾರಾಷ್ಟ್ರದಲ್ಲಿ ಬಿದ್ದು, ಅಣೆಕಟ್ಟೆಗಳಿಂದ ಬಿಟ್ಟು, ಇಲ್ಲಿಗೆ ಬಂದದ್ದೂ ಇತ್ತು. ಸುರಪುರ ಸೀಮೆಯ ನೀಲಕಂಠರಾಯನಗಡ್ಡಿ ಕೃಷ್ಣೆಯ ನಡುವಿನ ನಡುಗಡ್ಡೆ. ಬಸವಸಾಗರದ ಗೇಟು ತೆಗೆದರೆಂದರೆ ಆ ಊರು ಲೋಕದಿಂದ ಬೇರೆಯಾಗುತ್ತಿತ್ತು. 2014ರಲ್ಲಿ ಅಲ್ಲಿನ ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಮನೆಯವರ ಆಸರೆಯಲ್ಲಿ ತುಂಬಿದ ಹೊಳೆ ಈಜಿ ದಾಟಿದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಪತ್ರಿಕೆಗಳು ಅದನ್ನು ಸಾಹಸ ಎಂದವು. ಸೋರೆಬುರುಡೆ ಮಾತ್ರ ಆ ಊರಿನ ಹಳೆಯ ವಿಪತ್ತು ನಿರ್ವಹಣಾ ವ್ಯವಸ್ಥೆ, ಸೇತುವೆ ಬರಲಿ ಎಂದು ಕಾಯುತ್ತಾ ಪ್ರತಿ ಮನೆಯವರು ಒಣಗಿಸಿ ಇಟ್ಟುಕೊಂಡದ್ದು.

ಗುಳೆಯ ಮಾತು ಬಿಟ್ಟರೆ ಸಂಘದ ಲೆಕ್ಕ ತಪ್ಪುತ್ತದೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಮುಂಬೈ, ಪುಣೆಗೆ ಹೋದವರ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಬೇಸಿಗೆಯಲ್ಲೇ ಹೂಳೆತ್ತುವ, ಬದು ಹಾಕುವ ಕೆಲಸ, ಆಗಲೇ ಸದಸ್ಯರಿಲ್ಲ. ಉದ್ಯೋಗ ಖಾತ್ರಿ 2006ರಲ್ಲಿ ಮೊದಲು ಶುರುವಾದ ರಾಜ್ಯದ ಐದು ಜಿಲ್ಲೆಗಳಲ್ಲಿ ಗುಲಬರ್ಗಾವೂ ಒಂದು. ಕೂಲಿ ಹೊತ್ತಿಗೆ ಸಿಕ್ಕ ಊರುಗಳಲ್ಲಿ ಜನ ನಿಂತರು, ಕೆರೆಯ ಹೂಳೂ ಎದ್ದಿತು. ತಡವಾದ ಕಡೆ ಬಸ್ಸು ಹತ್ತಿದರು. ನೆಲ-ನೀರಿನ ಸಂಘ ಗಟ್ಟಿಯಾಗಬೇಕಾದರೆ ಮೊದಲು ಅದರ ಸದಸ್ಯರು ಊರಲ್ಲಿರುವಂತಾಗಬೇಕು. ಇದು ಎಲ್ಲ ವರದಿಗಳ ಕೊನೆಯ ಪುಟದಲ್ಲೂ ಇರುವ ಶಿಫಾರಸು, ಯಾವ ಯೋಜನೆಯ ಮೊದಲ ಪುಟದಲ್ಲೂ ಕಾಣದ್ದು.

2018ರಲ್ಲಿ ಕೇಂದ್ರ ಸರ್ಕಾರ ರಾಯಚೂರಿನ ಜೊತೆ ಯಾದಗಿರಿಯನ್ನು ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿಸಿತು. 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಎಡದಂಡೆ ಕಾಲುವೆಯ ವಿಸ್ತರಣೆ ಮತ್ತು ಆಧುನೀಕರಣ ಕಾಮಗಾರಿಯನ್ನು ಉದ್ಘಾಟಿಸಿದರು. ಖರ್ಚು ಸುಮಾರು 4,700 ಕೋಟಿ ರೂಪಾಯಿ, ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಅದೇ ದಿನ ಜಿಲ್ಲೆಯ 700ಕ್ಕೂ ಹೆಚ್ಚು ಜನವಸತಿಗಳಿಗೆ ಕುಡಿಯುವ ನೀರಿನ ಯೋಜನೆಗೆ ಅಡಿಗಲ್ಲೂ ಬಿತ್ತು. ಈಗ ಗೇಟುಗಳನ್ನು ಕಂಪ್ಯೂಟರಿನಿಂದ ಏರಿಸಿ ಇಳಿಸಬಹುದು, ನೀರನ್ನು ಅಳೆಯಲೂಬಹುದು. 2000ದ ತಿದ್ದುಪಡಿ ಬರುವಾಗ ಇಲ್ಲದಿದ್ದ ಅಳತೆಗೋಲು ಈಗ ಬಂದಿದೆ. ಆ ಅಳತೆಯ ಅಂಕಿ ಟೇಲ್‌ಎಂಡಿನ ಸಂಘದ ಗೋಡೆಯ ಮೇಲೆ ದಿನಾ ಬರೆಯಲ್ಪಟ್ಟರೆ ನೀರು ಬಳಕೆದಾರರ ಸಂಘಗಳಿಗೆ ಎರಡನೇ ಜನ್ಮ ಸಿಕ್ಕೀತು. ಕಚೇರಿಯ ಪರದೆಯಲ್ಲೇ ಉಳಿದರೆ ಹಳೆಯ ಕಥೆ.

ಈ ಲೇಖನಕ್ಕಾಗಿ ನಾನು ಹುಡುಕಿದ್ದರಲ್ಲಿ ಯೋಜನೆಗಳ ದಾಖಲೆ ಸುಲಭವಾಗಿ ಸಿಕ್ಕಿತು, ಸಾಲ ಕೊಟ್ಟವರು ಪ್ರತಿ ಕಾಸಿನ ವರದಿ ಬರೆದಿಟ್ಟಿದ್ದಾರೆ. ಊರ ಸಂಘಗಳ ದಾಖಲೆಯೇ ಕೈಗೆ ಸಿಗದ್ದು. ಜಲಾನಯನ ಸಮಿತಿ, ನೀರು ಬಳಕೆದಾರರ ಸಂಘ, ಕೆರೆ ಸಮಿತಿ, ಸ್ತ್ರೀಶಕ್ತಿ ಸಂಘ, ಯಾವುದರದೇ ಆಗಲಿ, ಹಳೆಯ ನಡಾವಳಿ ಪುಸ್ತಕ, ಹಾಳೆಗೆ ಇಳಿಸಿಕೊಂಡ ರಂಗೋಲಿ ನಕ್ಷೆ, ಸುಜಲದ ಕಾರ್ಡು ನಿಮ್ಮ ಮನೆಯ ಟ್ರಂಕಿನಲ್ಲಿ ಇದ್ದರೆ ಗೆದ್ದಲಿಗೆ ಬಿಡಬೇಡಿ. ರದ್ದಿಗೂ ಹಾಕಬೇಡಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ತಂದುಕೊಟ್ಟು, ಕೊಟ್ಟದ್ದಕ್ಕೆ ರಸೀದಿ ಪಡೆದುಕೊಳ್ಳಿ.